ಹನ್ನೆರಡು ವರ್ಷದ ಸಹಿ

ವಾಡಿ ಜಂಕ್ಷನ್ನಿನ ಕಲ್ಲುಬೆಂಚಿನ ಮೇಲೆ ಶಿವಕಾಂತಾ ಕುಳಿತಿದ್ದಳು. ಬೆಂಗಳೂರಿನ ಗಾಡಿಗೆ ಇನ್ನೂ ಅರ್ಧ ತಾಸಿತ್ತು.

"ಮೊದಲ ಹೇಳು, ನಿನ್ನ ಡಬ್ಬಿ ಪಾಸಾತೋ ಇಲ್ಲೋ?" ನಾಮದೇವ ಪಕ್ಕದಲ್ಲಿ ಬಂದು ಕುಳಿತ. ಭಂಕೂರಿನ ಖಣಿಯಿಂದ ನೇರವಾಗಿ ಬಂದಿದ್ದ. ರೆಪ್ಪೆಯ ಮೇಲೂ ಕಲ್ಲಿನ ಧೂಳು.

"ಡಬ್ಬಿ ಅಲ್ಲೋ ಮಾರಾಯ, ಎಕ್ಸ್‌ರೇ ಟೆಲಿಸ್ಕೋಪು!" ಆ ಧೂಳು ಒರೆಸಲು ಸೆರಗು ಎತ್ತಿದವಳು, ಜನ ನೋಡುತ್ತಾರೆಂದು ಕೈ ಇಳಿಸಿದಳು.

ಅವಳ ಬಾಹ್ಯಾಕಾಶ ಸಂಸ್ಥೆ ಹೊಸ ಉಪಗ್ರಹಕ್ಕೆ ಅವಳದೂ ಸೇರಿ ಹನ್ನೊಂದು ಉಪಕರಣಗಳ ಪ್ರಸ್ತಾವ ತರಿಸಿಕೊಂಡಿತ್ತು. ತೂಕ ಹೆಚ್ಚೆಂದು, ವಿದ್ಯುತ್ತು ಸಾಲದೆಂದು ಏಳು ಬಿದ್ದುಹೋದವು. ಉಳಿದ ನಾಲ್ಕರ ವಿಜ್ಞಾನಿಗಳನ್ನು ಆಯ್ಕೆ ಸಮಿತಿ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ಇದು ಹಾರುವುದು ೧೯೯೫ಕ್ಕೆ, ಅಲ್ಲಿಯವರೆಗೆ ಇರುತ್ತೀರಾ? ಆಯ್ಕೆಯಾದವರು ಹನ್ನೆರಡು ವರ್ಷ ಬಿಡುವುದಿಲ್ಲವೆಂದು ಸಹಿ ಹಾಕಬೇಕು.

ಸ್ವಂತ ಖಣಿ, ಹಾಸಿಗೆ ಹಿಡಿದ ತಾಯಿ. ನಾಮದೇವ ಊರು ಬಿಡುವಂತಿರಲಿಲ್ಲ. ಆಯ್ಕೆಯಾಗದಿದ್ದರೆ ಸೇಡಂ ಕಾಲೇಜಿಗೆ ಬಂದು ಪಾಠ ಹೇಳುತ್ತೇನೆ, ಮದುವೆಯಾಗೋಣ ಎಂದು ಅವಳೇ ಮಾತು ಕೊಟ್ಟಿದ್ದಳು.

"ಆಗ್ಲಿಲ್ಲ," ಎಂದಳು. "ರಾಜೀನಾಮಿ ಕೊಟ್ಟು ಬಂದುಬಿಡ್ತೀನಿ."

ನಾಮದೇವ ನಗಲಿಲ್ಲ. ಖಣಿಯಲ್ಲಿ ಪ್ರತಿ ಚಪ್ಪಡಿಯನ್ನೂ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳುವುದು ಅವನ ಕೆಲಸ. ಗಟ್ಟಿ ಕಲ್ಲು ಠಣ್ಣೆನ್ನುತ್ತದೆ. ಒಳಬಿರುಕಿದ್ದರೆ ಮೇಲೆ ಎಷ್ಟೇ ನುಣುಪಾಗಿದ್ದರೂ ದನಿ ಸತ್ತಿರುತ್ತದೆ.

"ಇನ್ನೊಮ್ಮೆ ಹೇಳು."

"ಆಗ್ಲಿಲ್ಲ ಅಂದ್ನೆಲ್ಲ."

"ಒಳಗ ಬಿರುಕದ, ಕಾಂತಾ."

ಅವಳ ಕಣ್ಣು ತುಂಬಿದವು. "ನಂದ ಆರಿಸ್ಯಾರ. ಇನ್ನಾ ಸಹಿ ಹಾಕಿಲ್ಲ. ಹರಿದು ಒಗಿ ಅಂದ್ರ ಈಗ ಹರಿತೀನಿ."

"ಕಾಗದ ತಗಿ."

ಅವಳು ತೆಗೆದಳು. ಗಾಳಿಗೆ ಹಾರದಂತೆ ಅವನು ಅದನ್ನು ಬೆಂಚಿನ ಮೇಲೆ ಎರಡೂ ಅಂಗೈಯಿಂದ ಒತ್ತಿ ಹಿಡಿದ. ಅವನ ಬೆರಳುಗಳ ನಡುವೆಯೇ ಅವಳು ಸಹಿ ಹಾಕಿದಳು. ಪೆನ್ನು ಎತ್ತಿದ ಮೇಲೂ ಇಬ್ಬರೂ ಕೈ ತೆಗೆಯಲಿಲ್ಲ.

"ಅಲ್ಲಿತನಾ ನೀ ಕಾಯ್ತೀಯೇನೋ?"

"ಹನ್ನೆರಡು ವರ್ಷ ಅಂದ್ರ ಭಾಳ ಏನಲ್ಲ ತಗೋ. ನನ್ನ ಖಣಿ ಕಲ್ಲಿಗಿ ಕೇಳು, ನಗತಾವ."

ಅವಳು ಅಳುತ್ತಲೇ ನಕ್ಕಳು. ಗಾಡಿ ಬಂತು. ಅವಳು ಹತ್ತಿದಳು. ಹೊರಟ ಗಾಡಿಯ ಕಿಟಕಿಯಲ್ಲಿ ಅವಳ ಕೈ ಕೊನೆಯ ಸಿಗ್ನಲ್ಲಿನವರೆಗೂ ಕಂಡಿತು.

ಚಹಾದ ಬಂದೇನವಾಜ್ ಕೆಟಲು ಹಿಡಿದು ಬಂದ. "ಏನ್ರೀ ಸಾಹುಕಾರ್, ಮೇಡಮ್ಮೋರು ಮತ್ತ ಯಾವಾಗ ಬರ್ತಾರ?"

ನಾಮದೇವ ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಬರೀ ತಲೆ ಆಡಿಸಿದ. ತನ್ನ ದನಿ ತನ್ನ ಕಿವಿಗೆ ಬೀಳುವುದು ಈಗ ಅವನಿಗೆ ಬೇಡವಾಗಿತ್ತು.