ಒಂದೇ ಸಾಲಿಗೆ ಇಬ್ಬರು

"ಇನ್ಮೇಲೆ ನಿನ್ನ ಪಕ್ಕ ಕೂತು ಊದಲ್ವಂತೆ ಕಣೇ ಅವರು. ಮೇಡಂ ಹತ್ರ ನೇರವಾಗೇ ಹೇಳ್ಬಿಟ್ರು. ನನ್ನ ಈ ಕಿವಿಯಲ್ಲೇ ಕೇಳಿಸ್ಕೊಂಡೆ."

ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಡ್ತಾ ಹೇಳಿದ್ರು. ಕೈಯಲ್ಲಿ ಅರ್ಧ ಒರೆಸಿದ ಕೊಳಲು, ಹೆಗಲ ಮೇಲೆ ಒರೆಸೋ ಬಟ್ಟೆ. ಸುದ್ದಿ ಮುಟ್ಟಿಸೋ ಆತುರಕ್ಕೆ ಮಹಡಿಯಿಂದ ಕೆಳಗೆ ಓಡ್ಕೊಂಡೇ ಬಂದಿದ್ರು.

ಹತ್ತೋಕೆ ಅಂತ ಎತ್ತಿದ ಅವಳ ಕಾಲು ಹಾಗೇ ನಿಂತ್ಬಿಡ್ತು.

"ಯಾರು?" ಅಂದ್ಲು. ಯಾರು ಅಂತ ಚೆನ್ನಾಗೇ ಗೊತ್ತಿತ್ತು...

"ಇನ್ಯಾರು. ನಿನ್ನ ಲಿಫ್ಟ್‌ನವರು."

'ನಿನ್ನ' ಅಂತೆ. ನಿನ್ನೆ ಅಂದಿದ್ರೆ ನಾಚ್ಕೊಂಡು ಚಿಕ್ಕಮ್ಮನ ಕೈಗೆ ಒಂದು ಏಟು ಹಾಕಿರೋಳು. ಇವತ್ತು ಕೈ ಏಳ್ಲಿಲ್ಲ.

ಚಿಕ್ಕಮ್ಮ ಬಿಡಿಸಿ ಬಿಡಿಸಿ ಹೇಳಿದ್ರು. ಕೊಳಲು ಕ್ಲಾಸಿನ ಮೇಡಂ ಅವನನ್ನ ಪಕ್ಕಕ್ಕೆ ಕರೆದು ಏನೋ ಕೇಳಿದ್ರಂತೆ. ಅವನು, ಅವರ ಜೊತೆ ಒಂದೇ ಸಾಲು ಊದೋಕೆ ನನ್ನ ಕೈಯಲ್ಲಿ ಆಗಲ್ಲ, ಬೇರೆ ಏನಾದ್ರೂ ಕೊಡಿ ಅಂದನಂತೆ. ಮುಖ ಕೆಂಪಗಿತ್ತಂತೆ. ಕೋಪಕ್ಕೇ ಇರ್ಬೇಕು ಅನ್ನೋದು ಚಿಕ್ಕಮ್ಮ ತಮ್ಮ ಕಡೆಯಿಂದ ಹಾಕಿದ ಒಗ್ಗರಣೆ.

ಅವಳಿಗೆ ಒಂದೇ ಯೋಚನೆ ಬಂತು.

'ಗೊತ್ತಾಗ್ಬಿಟ್ಟಿದೆ. ಅವರಿಗೆ ಗೊತ್ತಾಗ್ಬಿಟ್ಟಿದೆ...'

ಏನು ಗೊತ್ತಾಗಿದ್ದು? ಅದಕ್ಕೆ ಮುಂಚೆ ಆ ಕ್ಲಾಸು ಎಂಥದ್ದು ಅಂತ ಹೇಳ್ಬಿಡ್ಬೇಕು.

ಅದು ರೆಕಾರ್ಡರ್ ಕ್ಲಾಸು. ರೆಕಾರ್ಡರ್ ಅಂದ್ರೆ ಹಾಡು ತುಂಬಿಸಿಡೋ ಮೆಷಿನ್ ಅಲ್ಲ, ಮರದ ಕೊಳಲು. ಅಡ್ಡ ಹಿಡಿಯಲ್ಲ, ಉದ್ದಕ್ಕೆ ಹಿಡ್ಕೊಂಡು ಸೀಟಿ ಥರ ಊದೋದು. ಮಕ್ಕಳ ಕೈಗೆ ಹಿಡಿಸೋ ಪುಟ್ಟದ್ದರಿಂದ ಹಿಡಿದು ಸೊಂಟಕ್ಕೆ ಬರೋ ಬೇಸ್ ತನಕ ನಾಲ್ಕು ಅಳತೆ. ಒಂದೊಂದು ಅಳತೆಗೆ ಒಂದೊಂದು ಸಾಲು, ನಾಲ್ಕೂ ಸೇರಿದ್ರೇನೇ ಹಾಡು. ಆ ಹಾಡುಗಳೋ, ನಾನೂರು ಐನೂರು ವರ್ಷ ಹಳೇವು. ಎಷ್ಟೋ ಹಾಡು ಕಟ್ಟಿದವರ ಹೆಸರೂ ಉಳಿದಿಲ್ಲ.

ಊದೋರೆಲ್ಲ ವಾರಪೂರ್ತಿ ಬೇರೇನೋ ಕೆಲಸ ಮಾಡೋರು. ಚಿಕ್ಕಮ್ಮ ಪೋಸ್ಟ್ ಆಫೀಸಿನ ಕೌಂಟರಲ್ಲಿ. ಅವಳು ರಕ್ತ ತೆಗೆಯೋ ಲ್ಯಾಬಲ್ಲಿ, ಅದಕ್ಕೇ ಕ್ಲಾಸಲ್ಲಿ ಅವಳಿಗೆ ಸೂಜಿ ಅಂತ ಹೆಸರು. ಅವನು ಕೆಟ್ಟು ನಿಂತ ಲಿಫ್ಟ್ ರಿಪೇರಿ ಮಾಡೋನು. ಎಲ್ಲರೂ ಶನಿವಾರ ಮಧ್ಯಾಹ್ನ ಕಾಯ್ತಾ ಇರ್ತಿದ್ರು.

ಕ್ಲಾಸು ನಡೀತಿದ್ದ ಕೋಣೆ ಒಂದು ಈಜುಕೊಳದ ಮೇಲಿತ್ತು, ಕಿಟಕಿ ನೀರಿನ ಕಡೆಗೇ. ಕೆಳಗೆ ನೀರು ಅಲುಗಿದ್ರೆ ಮೇಲೆ ಸೂರಲ್ಲಿ ಬೆಳಕು ಅಲುಗ್ತಿತ್ತು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬೆಳಕಿನ ಬಲೆ ತೇಲ್ಕೊಂಡು ಹೋಗೋದು, ಎಲ್ಲರ ಮುಖದ ಮೇಲೂ ಹಾದು ಹೋಗೋದು... ಅಲ್ಲಿ ಕೂತ್ರೆ ನೀರೊಳಗೇ ಕೂತ ಹಾಗೆ.

ಮೊದಲ ದಿನ ಅವಳು ತಡವಾಗಿ ಬಂದು ಬಾಗಿಲು ತೆಗೆದ್ರೆ, ದೊಡ್ಡ ದೊಡ್ಡವರೆಲ್ಲ ಕಂಕುಳಲ್ಲಿ ಏನೋ ಒತ್ತಿಟ್ಕೊಂಡು ಗಂಭೀರವಾಗಿ ಕೂತಿದ್ದಾರೆ. ಊರಿಗೆಲ್ಲ ಒಟ್ಟಿಗೇ ಜ್ವರ ಬಂದು ಥರ್ಮಾಮೀಟರ್ ಇಟ್ಕೊಂಡ ಹಾಗೆ.

ಅವಳಿಗೆ ತಡೆಯೋಕೇ ಆಗ್ಲಿಲ್ಲ. ಕಿಸಕ್ ಅಂತ ನಕ್ಕುಬಿಟ್ಲು.

ಖಾಲಿ ಇದ್ದದ್ದು ಅವನ ಪಕ್ಕದ ಕುರ್ಚಿ ಒಂದೇ. ಹೋಗಿ ಕೂತ್ಲು. ಅವನು ಅವಳ ಕಡೆ ತಿರುಗಿ ಮೆಲ್ಲಗೆ, "ನಗ್ಬೇಡಿ. ನೀವೂ ಇಟ್ಕೊಳ್ಳಿ. ತಣ್ಣಗಿದ್ರೆ ಸ್ವರ ಕೆಳಗಿಳಿಯತ್ತೆ," ಅಂದ.

ಅವಳ ಕೊಳಲಿನ ತಲೆಭಾಗ ಬಿಚ್ಚಿ ಕೊಟ್ಟ. ಅವಳು ಕಂಕುಳಲ್ಲಿ ಇಟ್ಕೊಂಡ್ಲು. ಇಬ್ಬರೂ ಮುಖ ಮುಖ ನೋಡ್ಕೊಂಡ್ರು. ಈ ಸಲ ಅವನಿಗೇ ನಗು ಬಂತು.

ಅಷ್ಟೇ... ಅವತ್ತಿಂದ ಶನಿವಾರ ಅಂದ್ರೆ ಅವಳ ಎದೆಯಲ್ಲಿ ಒಂಥರಾ.

ಇಬ್ಬರದ್ದೂ ಟೆನರ್ ಕೊಳಲು, ಮೂರನೇ ಅಳತೆ. ಒಂದೇ ಸಾಲು, ಒಂದೇ ಕಾಗದ, ಒಂದೇ ಸ್ಟ್ಯಾಂಡು. ಪುಟ ತಿರುಗಿಸೋದು ಅವನ ಕೆಲಸ. ಅಲ್ಲಿ ಒಂದು ಎರಡು ಮೂರು ಅಂತ ಎಣಿಸಿ ಶುರು ಮಾಡೋ ಪದ್ಧತಿ ಇಲ್ಲ. ಯಾರಾದ್ರೂ ಒಬ್ಬರು ಮೂಗಲ್ಲಿ ಸಣ್ಣಗೆ ಉಸಿರು ಎಳ್ಕೊಳ್ತಾರೆ, ಆ ಉಸಿರಿಗೇ ಎಲ್ಲರೂ ಶುರು. ಅವಳಿಗೆ ಮಾತ್ರ ಬೇರೆ ಯಾರ ಉಸಿರೂ ಕೇಳಿಸ್ತಿರ್ಲಿಲ್ಲ. ಪಕ್ಕದವನದ್ದೊಂದೇ.

ಈಗ ಆ ಗುಟ್ಟು.

ಎರಡನೇ ಪುಟದಲ್ಲಿ ಅವರ ಸಾಲು ಮೇಲಕ್ಕೆ ಹತ್ತತ್ತೆ. ಅಲ್ಲಿ ಕೊಳಲಿನ ಹಿಂದಿನ ತೂತನ್ನ ಹೆಬ್ಬೆರಳಲ್ಲಿ ಒಂಚೂರೇ ಚೂರು ಬಿಡ್ಬೇಕು. ಜಾಸ್ತಿ ಬಿಟ್ರೆ 'ಕೀಚ್' ಅನ್ನತ್ತೆ. ಮೊದಲನೇ ವಾರ ಅಂದಿತ್ತು ಕೂಡ, ಇಡೀ ಕೋಣೆ ತಿರುಗಿ ನೋಡಿತ್ತು. ಆಮೇಲಿಂದ ಆ ಜಾಗ ಬಂದಾಗೆಲ್ಲ ಅವಳು ಬರೀ ಬೆರಳು ಆಡಿಸೋಳು. ಊದ್ತಿರ್ಲಿಲ್ಲ. ಪಕ್ಕದಲ್ಲಿ ಅವನಿದ್ದಾನಲ್ಲ... ನಾಲ್ಕು ಕೊಳಲು ಸೇರಿದ್ರೆ ಯಾವ ಸದ್ದು ಯಾರದ್ದು ಅಂತ ಯಾರಿಗೆ ಗೊತ್ತಾಗತ್ತೆ? ತೆಳ್ಳಗೆ ಒಂದು ಸದ್ದು ತೇಲಿ ಬರ್ತಿತ್ತು. ಅವನದ್ದೇ ಅನ್ಕೊಂಡು ಅದಕ್ಕೆ ಒರಗಿ ಕೂತ್ಬಿಡ್ತಿದ್ಲು. ಎಷ್ಟು ಹಾಯಾಗಿತ್ತು ಅದು...

'ಒಂದು ಸಾಲು ಊದೋ ಯೋಗ್ಯತೆ ಇಲ್ಲ, ಸುಮ್ನೆ ಬಂದು ಕೂರ್ತಾಳೆ ಅನ್ಕೊಂಡಿರ್ತಾರೆ.' ಮೆಟ್ಟಿಲು ಹತ್ತುತ್ತಾ ಕಣ್ಣು ಮಂಜಾಯ್ತು.

ಮುಂದಿನ ಶನಿವಾರ ಎಲ್ಲರ ಮನೆಯವರೂ ಬಂದು ಈಜುಕೊಳದ ಪಕ್ಕ ಕೂತು ಕೇಳೋರಿದ್ರು. ಅಷ್ಟರೊಳಗೆ ಬಿಟ್ಬಿಡೋದೇ ವಾಸಿ ಅಂತ ತೀರ್ಮಾನ ಮಾಡ್ಕೊಂಡ್ಲು. ಮೇಡಂ ಹತ್ರ ಹೋಗಿ, ಇನ್ಮೇಲೆ ನಾನು ಬರಲ್ಲ ಅಂದ್ಲು. ಮೇಡಂ ಕನ್ನಡಕದ ಮೇಲಿಂದ ನೋಡಿ, ಬರ್ದೇ ಇರೋದು ಮುಂದಿನ ವಾರದಿಂದ ತಾನೇ, ಇವತ್ತು ಕೂತ್ಕೋ ಅಂದ್ರು. ಅವರ ಹತ್ರ ವಾದ ಮಾಡಿ ಗೆದ್ದವರಿಲ್ಲ.

ಅವನು ಎದುರಿನ ಕುರ್ಚಿಗೆ ಹೋಗಿದ್ದ. ಇಷ್ಟು ದಿನ ಮೇಡಮ್ಮೇ ಊದ್ತಿದ್ದ ಬೇಸ್ ಕೊಳಲು ಈಗ ಅವನ ಕೈಯಲ್ಲಿ. ಸೊಂಟದೆತ್ತರದ ಕೊಳಲು, ಮೇಲಿಂದ ಬಗ್ಗಿ ಬಂದ ಹಿತ್ತಾಳೆ ಕೊಳವೇಲಿ ಊದ್ಬೇಕು. ಹೊಸಬ ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಅವಳ ಕಡೆ ಒಂದೇ ಒಂದು ಸಲ ನೋಡಿ ತಕ್ಷಣ ಕಾಗದದೊಳಗೆ ಮುಖ ಹುದುಗಿಸ್ದ.

ಅವಳ ಪಕ್ಕದ ಕುರ್ಚಿ ಖಾಲಿ.

ಶುರುವಾಯ್ತು. ಮೊದಲನೇ ಪುಟ ಹೇಗೋ ದಾಟಿತು. ಸೂರಲ್ಲಿ ಬೆಳಕು ನಿಧಾನಕ್ಕೆ ಸುತ್ತುತ್ತಿತ್ತು. ಪುಟ ತಿರುಗಿಸೋಕೆ ಯಾರೂ ಇಲ್ಲ ಅನ್ನೋದು ಅವಳಿಗೆ ನೆನಪಾಗಿ, ತಾನೇ ಕೈ ಚಾಚಿ ತಿರುಗಿಸಿದ್ಲು. ಆ ಜಾಗ ಬಂತು...

ಬೆರಳು ಆಡಿದ್ವು. ಉಸಿರು ಬರ್ಲಿಲ್ಲ.

ಮೇಡಂಗೆ ಇವತ್ತು ಊದೋ ಕೆಲಸ ಇರ್ಲಿಲ್ಲ, ಎದುರಲ್ಲಿ ನಿಂತು ಕೇಳ್ತಿದ್ರು. ಕೈ ಎತ್ತಿ ನಿಲ್ಲಿಸಿದ್ರು. "ನನಗೆ ವಾರಗಳಿಂದ ಅನುಮಾನ. ಎರಡನೇ ಪುಟದಲ್ಲಿ ಟೆನರ್ ಸಾಲು ಎಲ್ಲಿಗೆ ಹೋಗತ್ತೆ?"

ಕೆಳಗೆ ಯಾರೋ ನೀರಿಗೆ ಧುಮುಕಿದ ಸದ್ದು ಬಂತು. ಚಿಕ್ಕಮ್ಮ ಮೆಲ್ಲಗೆ ಕತ್ತು ತಿರುಗಿಸಿ ಅವಳನ್ನ ನೋಡಿದ್ರು.

ಅವಳು ಎದ್ದು ಕೊಳಲು ಎದೆಗೊತ್ತಿಕೊಂಡು ಹೊರಗೆ ಹೋಗ್ಬಿಟ್ಲು.

ಮೆಟ್ಟಿಲು ತಿರುಗೋ ಕಡೆ ಒಂದು ದೊಡ್ಡ ಗಾಜು. ಅದರಾಚೆ ಈಜುಕೊಳ, ಹಸಿರು ನೀಲಿ ಬೆಳಕು. ಅಲ್ಲಿ ನಿಂತು ಕಣ್ಣೊರೆಸ್ಕೊಳ್ತಿದ್ದಾಗ ಹಿಂದೆ ಹೆಜ್ಜೆ ಸದ್ದು. ಚಿಕ್ಕಮ್ಮ ಇರ್ಬೇಕು ಅಂತ ತಿರುಗಿದ್ರೆ ಅವನು. ಆತುರಕ್ಕೆ ಆ ದೊಡ್ಡ ಕೊಳಲನ್ನೂ ಮಗು ಥರ ಎತ್ಕೊಂಡೇ ಬಂದಿದ್ದ.

"ಈಗ ಸಮಾಧಾನ ಆಯ್ತಾ?" ಅಂದ್ಲು. "ಹೌದು, ನಾನು ಊದ್ತಿರ್ಲಿಲ್ಲ. ಎರಡನೇ ಪುಟದಲ್ಲಿ ನೀವು ಊದ್ತಿದ್ರಿ, ನಾನು ಬೆರಳಾಡಿಸ್ತಿದ್ದೆ. ಅದನ್ನ ನನಗೇ ಹೇಳ್ಬಹುದಿತ್ತು. ಮೇಡಂ ಹತ್ರ ಯಾಕೆ ಹೋದ್ರಿ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ.

"ನಾನು ಊದ್ತಿದ್ನಾ?"

"ಮತ್ತೆ?"

"ಎರಡನೇ ಪುಟದಲ್ಲಿ ನಾನೂ ಊದ್ತಿರ್ಲಿಲ್ವಲ್ರೀ..."

ಗಾಜಿನಾಚೆ ನೀರು ತೂಗ್ತಾ ಇತ್ತು. ಅವಳಿಗೆ ಏನೂ ಅರ್ಥ ಆಗ್ಲಿಲ್ಲ.

ಅವನು ಕೊಳಲನ್ನ ಗೋಡೆಗೆ ಒರಗಿಸ್ದ. ಸಿಕ್ಕಿಹಾಕ್ಕೊಂಡ ಲಿಫ್ಟ್ ಒಳಗಿರೋರಿಗೆ ಧೈರ್ಯ ಹೇಳಿ ಅಭ್ಯಾಸ ಇರೋನಿಗೆ ತನಗೇ ಧೈರ್ಯ ಬರೋಕೆ ಹೊತ್ತಾಯ್ತು. ತಡವರಿಸ್ತಾ ಹೇಳ್ದ. ತನ್ನ ಸದ್ದು ದಪ್ಪ, ಅವಳದ್ದು ಸಣ್ಣದು, ಪಕ್ಕದಲ್ಲಿ ತಾನು ಊದಿದ್ರೆ ಅವಳದ್ದು ಮುಚ್ಚಿಹೋಗತ್ತೆ ಅಂತ ಅವನಿಗೆ ಅನ್ನಿಸಿತ್ತಂತೆ. ಇಡೀ ಹಾಡಲ್ಲಿ ಚೆಂದದ ಜಾಗ ಅಂದ್ರೆ ಅದೇ, ಅಲ್ಲಾದ್ರೂ ಅವಳೊಬ್ಬಳದ್ದೇ ಕೇಳ್ಬೇಕು ಅಂತ ಕೊಳಲು ತುಟಿಗಿಟ್ಕೊಂಡು ಸುಮ್ನೆ ಇದ್ದುಬಿಡ್ತಿದ್ದನಂತೆ. ಪ್ರತಿ ಶನಿವಾರ.

ಅವಳು ಅವನಿಗೆ ಅಂತ ಬಿಟ್ಟಿದ್ದು, ಅವನು ಅವಳಿಗೆ ಅಂತ ಬಿಟ್ಟಿದ್ದು... ಪಾಪ, ಆ ಸಾಲನ್ನ ಯಾರೂ ಊದೇ ಇರ್ಲಿಲ್ಲ.

"ಆದ್ರೆ ಏನೋ ಕೇಳಿಸ್ತಿತ್ತಲ್ಲ," ಅಂದ್ಲು ಅವಳು. "ತೆಳ್ಳಗೆ..."

"ಹೂಂ. ನಾನೂ ಕೇಳ್ತಿದ್ದೆ. ನಿಮ್ಮದೇ ಅನ್ಕೊಂಡಿದ್ದೆ."

"ನಾನು ನಿಮ್ಮದು ಅನ್ಕೊಂಡಿದ್ದೆ."

ಇಬ್ಬರಿಗೂ ಒಟ್ಟಿಗೇ ಹೊಳೀತು. ಅವರ ಕೊಳಲಿಗಿಂತ ಒಂದೇ ಒಂದು ಅಳತೆ ಸಣ್ಣದು, ಆಲ್ಟೋ. ಊದೋರು ಚಿಕ್ಕಮ್ಮ.

ಅವನು ತಲೆ ಮೇಲೆ ಕೈ ಹೊತ್ಕೊಂಡ. "ಹಾಗಾದ್ರೆ ಇಷ್ಟು ದಿನ ನಾನು ಮನಸ್ಸು ಕೊಟ್ಕೊಂಡು ಕೂತಿದ್ದು ನಿಮ್ಮ ಚಿಕ್ಕಮ್ಮಂಗಾ?"

ಅವಳಿಗೆ ಅಳುವಿನ ಮಧ್ಯೆ ನಗು ಉಕ್ಕಿ ಬಂತು. ನಗ್ತಾ ನಗ್ತಾ ಆ ಮಾತು ಒಳಗಿಳೀತು... ಮನಸ್ಸು ಕೊಟ್ಕೊಂಡು. ಹಾಗೇ ಅಂದ್ನಾ?

ನಗು ನಿಂತ್ಹೋಯ್ತು. ಅವನ ಮುಖ ಕೆಂಪಗಾಗಿತ್ತು.

"ಮೇಡಂ ನನ್ನ ಸಾಲು ಯಾಕೆ ತಪ್ತಿದೆ ಅಂತ ಕೇಳಿದ್ರು," ಅಂದ, ನೆಲ ನೋಡ್ಕೊಂಡು. "ಏನಂತ ಹೇಳ್ಲಿ? ಪಕ್ಕದಲ್ಲಿ ನೀವು ಉಸಿರು ತಗೊಂಡ್ರೆ ನನಗೆ ನನ್ನ ಉಸಿರು ಮರೆತುಹೋಗತ್ತೆ ಅಂತ ಹೇಳೋಕಾಗತ್ತಾ? ಅದಕ್ಕೇ ಬೇರೆ ಸಾಲು ಕೊಡಿ ಅಂದೆ. ಎದುರಿಗೆ ಕೂತ್ರೆ ನೋಡ್ಕೊಂಡಾದ್ರೂ ಇರ್ಬಹುದು ಅಂತ..."

ನೀರಿನ ಬೆಳಕು ಅವನ ಕೆನ್ನೆ ಮೇಲೆ ಹಾದು, ಅವಳ ಕೈ ಮೇಲೆ ಹಾದು, ಗೋಡೆ ಹತ್ತಿ ಹೋಯ್ತು. ಕಾಲ ಅಲ್ಲೇ ಎಲ್ಲೋ ತೇಲ್ತಾ ನಿಂತ ಹಾಗಿತ್ತು.

"ನಿಮಗೆ ಇಷ್ಟ ಇಲ್ಲ ಅಂದ್ರೆ ಬಿಟ್ಬಿಡಿ," ಅಂದ. "ಆದ್ರೆ ಕ್ಲಾಸು ಬಿಡ್ಬೇಡಿ. ಬೇಕಾದ್ರೆ ನಾನು ಬಿಡ್ತೀನಿ."

"ಮತ್ತೆ ಶುರು ಮಾಡಿದ್ರಾ ಬಿಟ್ಕೊಡೋದನ್ನ?"

ಅವನು ತಲೆ ಎತ್ತಿ ನೋಡ್ದ.

ಅವಳ ಕಣ್ಣಲ್ಲಿ ಇನ್ನೂ ನೀರಿತ್ತು, ತುಟಿಯಲ್ಲಿ ನಗು. "ಇಬ್ಬರೂ ಇರೋಣ," ಅಂದ್ಲು. "ಆ ಸಾಲು ನಾನು ಊದ್ತೀನಿ. ಕೀಚ್ ಅಂದ್ರೆ ಅನ್ನಲಿ. ನೀವು ಎದುರಿಗೇ ಕೂತಿರಿ."

ಇಬ್ಬರೂ ಒಟ್ಟಿಗೆ ಬಾಗಿಲು ತಳ್ಳಿ ಒಳಗೆ ಬಂದಾಗ ಕೋಣೆಯಲ್ಲಿದ್ದೋರೆಲ್ಲ ಏಕಾಏಕಿ ತಮ್ಮ ತಮ್ಮ ಕೊಳಲು ಒರೆಸೋದ್ರಲ್ಲಿ ಮುಳುಗಿಹೋದ್ರು. ಮೇಡಂ, ಮೊದಲಿಂದ ಅಂದ್ರು ಅಷ್ಟೇ.

ಎರಡನೇ ಪುಟ.

ಅವಳು ಉಸಿರು ಎಳ್ಕೊಂಡ್ಲು. ಎದುರಲ್ಲಿ ಅವನು ಅದೇ ಕ್ಷಣಕ್ಕೆ ಎಳ್ಕೊಂಡಿದ್ದು ಕಾಣಿಸ್ತು. ಹೆಬ್ಬೆರಳು ಒಂಚೂರು ಜಾರಿತು...

ಕೀಚ್.

ಯಾರೂ ತಿರುಗಿ ನೋಡ್ಲಿಲ್ಲ. ತಿರುಗಿದ್ರೂ ಅವಳಿಗೆ ಗೊತ್ತಾಗ್ತಿರ್ಲಿಲ್ಲ. ಮುಂದಿನ ಸ್ವರ ಹಿಡಿದ್ಲು, ಅದು ನಿಂತ್ಕೊಳ್ತು. ಇನ್ನೊಂದು. ಇನ್ನೊಂದು. ಕೆಳಗಿಂದ ಅವನ ಬೇಸ್ ಗೊಂಯ್ ಅಂತ ಏಳ್ತಾ ಬಂದು ಅವಳ ಸಾಲಿನ ಅಡಿಗೆ ಕೈ ಹಿಡಿದ ಹಾಗಾಯ್ತು. ಯಾರೋ ಯಾವುದೋ ಕಾಲದಲ್ಲಿ ಬರೆದಿಟ್ಟು ಹೋದ ಆ ಒಂದು ಸಾಲು ಈಜುಕೊಳದ ಮೇಲಿನ ಕೋಣೆಯಲ್ಲಿ ಮೊದಲನೇ ಸಲ ಕೇಳಿಸ್ತು.

ಹಾಡು ಮುಗಿದ ಮೇಲೆ ಚಿಕ್ಕಮ್ಮ, "ಅಲ್ಲಾ, ಇಲ್ಲಿ ಇಂಥದ್ದೊಂದು ಇತ್ತಾ? ನಾನು ಇಷ್ಟು ದಿನ ನನ್ನದೇ ಚೆನ್ನಾಗಿದೆ ಅನ್ಕೊಂಡಿದ್ನಲ್ಲ," ಅಂದ್ರು.

ಅವನು ಕೆಮ್ಮಿದ. ಅವಳು ತಲೆ ತಗ್ಗಿಸಿ ಕೊಳಲು ಒರೆಸಿದ್ಲು, ಒರೆಸಿದ್ದನ್ನೇ ಒರೆಸಿದ್ಲು.

ಎಲ್ಲರೂ ಇಳಿದು ಹೋಗ್ತಿದ್ರು. ಚಿಕ್ಕಮ್ಮಂಗೆ ಯಾರೂ ಏನೂ ಹೇಳಿರ್ಲಿಲ್ಲ. ಆದ್ರೂ ತಮಗೆ ಅಂಗಡಿಗೆ ಹೋಗೋದಿದೆ, ನೀನು ನಿಧಾನಕ್ಕೆ ಬಾ ಪುಟ್ಟಿ ಅಂತ ಹೇಳಿ ಹೊರಟುಬಿಟ್ರು. ಅಂಗಡಿ ಮನೆ ಕಡೆಗೇ ಇತ್ತು ಅನ್ನೋದು ಬೇರೆ ಮಾತು.

ಹೊರಗೆ ಬೀದಿಯಲ್ಲಿ ಸಂಜೆ ಬಿಸಿಲು ಹಳದಿಯಾಗಿ ಮಲಗಿತ್ತು. ಇಬ್ಬರೂ ಬಾಗಿಲಲ್ಲೇ ನಿಂತ್ರು. ಮುಂದಿನ ಶನಿವಾರ ಅಂದ್ರೆ ಇನ್ನೂ ಎಷ್ಟು ದೂರ ಅಂತ ಇಬ್ಬರಿಗೂ ಒಟ್ಟಿಗೇ ಅನ್ನಿಸಿರ್ಬೇಕು.

"ನಾಳೆ ಭಾನುವಾರ," ಅಂದ ಅವನು, ಹೊಸ ಸಂಗತಿ ಹೇಳೋನ ಹಾಗೆ.

"ಲ್ಯಾಬು ಒಂದು ಗಂಟೆಗೆ ಮುಚ್ಚತ್ತೆ," ಅಂದ್ಲು ಅವಳು.

"ಬಾಗಿಲ ಹತ್ರ ನಿಂತಿರ್ತೀನಿ. ಕೊಳಲು ತರ್ಲಾ? ಅಭ್ಯಾಸ ಆಗತ್ತೆ..."

ಅವಳು ಸ್ವಲ್ಪ ಯೋಚನೆ ಮಾಡಿದ್ಲು.

"ಬೇಡ. ಇಬ್ಬರೂ ಸುಮ್ನಿದ್ದು ಸಾಕಾಯ್ತು. ನಾಳೆ ಬರೀ ಮಾತಾಡೋಣ."

"ಮೊದಲು ಯಾರು?"

"ನಾನೇ," ಅಂದ್ಲು. "ನೀವು ಕೇಳಿಸ್ಕೊಳ್ಳಿ. ಒಂದು ಗಂಟೆಗೆ."

"ಒಂದು ಗಂಟೆಗೆ," ಅಂದ ಅವನು.