ಮೇನ್‌ಸ್ವಿಚ್‌ಗೆ ಬೇಕಾದ ಪರವಾನಗಿ

ಸೋಲಾರ್ ಪ್ಯಾನೆಲ್‌ಗಳನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದವನು ತಾನು. ದೊಡ್ಡ ಕಂಪನಿ ‘ಅಲ್ಲಿಗೆಲ್ಲ ಲೈನ್ ಎಳೆಯೋಕಾಗಲ್ಲ’ ಎಂದು ಕೈಬಿಟ್ಟ ಊರಿಗೆ ಬೆಳಕು ತಂದವನು ತಾನು. ಈಗ ಊರಿನ ಆ ಕಿರು ವಿದ್ಯುತ್ ಜಾಲ ನಡೆಸುವ ಪರವಾನಗಿ ಅತ್ತಿಗೆಯ ಕೈಯಲ್ಲಿ! ಜಗಳಕ್ಕೆ ಬಂದವರ ಮನೆಯ ಕರೆಂಟ್ ಕಿತ್ತ ಎಂಬ ಒಂದೇ ನೆಪಕ್ಕೆ ಊರವರ ಸಭೆ ಅವನನ್ನು ಇಳಿಸಿತ್ತು, ಮೇಲೆ ‘ಮೇನ್‌ಸ್ವಿಚ್’ ಎಂಬ ಅಡ್ಡಹೆಸರು ಬೇರೆ. ಕಿತ್ತರೆ ಏನಾಯ್ತೀಗ? ನಾಲ್ಕು ದಿನ ಕತ್ತಲಲ್ಲಿ ಕೂತರೆ ಯಾರೂ ಸಾಯುವುದಿಲ್ಲ. ನೆನೆದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

ದಾರಿ ತೋರಿಸಿದ್ದು ಸರಕಾರದ ನಿಯಮವೇ. ತಪಾಸಣೆಯ ಹೊತ್ತಿನಲ್ಲಿ ಜಾಲ ಕೈಕೊಟ್ಟರೆ ಪರವಾನಗಿ ರದ್ದು. ಮತ್ತೆ ಕೊಡುವಾಗ ನಡೆಸಿ ಅನುಭವ ಇದ್ದವರಿಗೆ ಆದ್ಯತೆ. ಅತ್ತಿಗೆಯನ್ನು ಬಿಟ್ಟರೆ ಅಂಥವನು ಊರಿಗೆಲ್ಲ ಅವನೊಬ್ಬನೇ.

ಪಾಳುಬಿದ್ದ ಪಂಪ್‌ಶೆಡ್ಡಿಗೆ ಇನ್ನೂ ಲೈನ್ ಇತ್ತು. ತಪಾಸಣೆಯ ದಿನ ಹನ್ನೊಂದಕ್ಕೆ ಸರಿಯಾಗಿ ಎರಡು ತಂತಿ ಒಂದಾಗುವಂತೆ ಅಲ್ಲೊಂದು ಟೈಮರ್ ಕೂರಿಸಿದ. ಶಾರ್ಟ್ ಆದರೆ ಇಡೀ ಜಾಲ ನಿಲ್ಲುತ್ತದೆ, ಟೈಮರ್ ಸುಟ್ಟು ಕರಕಲಾಗುತ್ತದೆ, ತಪ್ಪು ಇಲಿಯ ತಲೆಗೆ. ತಾನು ಮಾತ್ರ ಆಗ ಅಧಿಕಾರಿಯ ಮಗ್ಗುಲಲ್ಲೇ ಕೂತಿರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗಾಬರಿಯಾದಂತೆ ಕೂಗುವುದನ್ನೂ ಕನ್ನಡಿಯ ಮುಂದೆ ಕಲಿತ.

ಅಂದು ಊರಿನ ವಿದ್ಯುತ್ ಸಂಘದ ಆಫೀಸಿನಲ್ಲಿ ಅತ್ತಿಗೆಯೇ ಕುರ್ಚಿ ಎಳೆದುಕೊಟ್ಟಳು.

“ಬಾಪ್ಪಾ, ಕೂತ್ಕೋ. ಸಾಹೇಬ್ರೇ, ಇವ್ನು ನನ್ನ ಮೈದುನ. ಇದನ್ನೆಲ್ಲ ಶುರು ಮಾಡಿದ್ದೇ ಇವ್ನು.”

ಅವನಿಗೆ ಪಾಪ ಅನ್ನಿಸಿತು, ಆದರೂ ಹೊಟ್ಟೆಯ ಉರಿ ಆರಲಿಲ್ಲ. ಅಧಿಕಾರಿ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು, ಅತ್ತಿಗೆ ತಡವರಿಸದೆ ಉತ್ತರಿಸುತ್ತಿದ್ದಳು. ಅವನ ಕಣ್ಣು ಮಾತ್ರ ಗೋಡೆಗಡಿಯಾರದ ಮೇಲೆ. ದರಿದ್ರದ ಮುಳ್ಳು ಮುಂದಕ್ಕೆ ಹೋಗಲೊಲ್ಲದು. ಬೆನ್ನೆಲ್ಲ ಬೆವರಿತು.

ಹನ್ನೊಂದಾಯಿತು. “ಅಯ್ಯಯ್ಯೋ!” ಅವನು ಎದ್ದೇ ನಿಂತ. “ಕರೆಂಟ್ ಹೋಯ್ತಲ್ಲ ಅತ್ತಿಗೆ! ಅದೂ ಸಾಹೇಬ್ರ ಎದುರಿಗೇ!” ಕಲಿತದ್ದಕ್ಕಿಂತ ಚೆನ್ನಾಗಿಯೇ ಬಂತು. ಆದರೆ ಯಾರೂ ಗಾಬರಿಯಾಗಲಿಲ್ಲ. ಅತ್ತಿಗೆ ಅವನನ್ನೇ ನೋಡುತ್ತ ಎದ್ದು ಹೋಗಿ ಫ್ಯಾನಿನ ಸ್ವಿಚ್ ಒತ್ತಿದಳು. ಫ್ಯಾನ್ ತಿರುಗಲಿಲ್ಲ. ಪಕ್ಕದ ದೀಪದ್ದನ್ನೂ ಒತ್ತಿದಳು. ಅಧಿಕಾರಿ ಪೆನ್ನು ಕೆಳಗಿಟ್ಟರು. “ಹೋಗಿರೋದೇನೋ ನಿಜ. ಆದ್ರೆ ಬ್ಯಾಟರಿ ರಾತ್ರಿಗೆ ಉಳೀಲಿ ಅಂತ ಇವರು ಬೆಳಗ್ಗೆಯಿಂದ ಇಲ್ಲಿ ಒಂದು ಸ್ವಿಚ್ಚೂ ಹಾಕಿರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?”