ತೊಟ್ಟಿಕ್ಕುವ ನಲ್ಲಿ

"ಮಾವ, ನಿಮ್ಮ ಮನೆಯ ಒಂದು ರೂಪಾಯಿನೂ ನಾನು ಮುಟ್ಟಲ್ಲ" ಎಂದು ಸಿದ್ಧಾರ್ಥ ತನ್ನ ಮದುವೆಯ ದಿನ ವಿಜಯನಗರದ ಛತ್ರದಲ್ಲಿ ಮಾತು ಕೊಟ್ಟಿದ್ದ. ಮಾವ ಮುನಿರಾಮಯ್ಯ ಕವರು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟುಕೊಂಡು ನಿಂತಿದ್ದರು. ಅತ್ತೆ ನರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಊಟದ ಸಾಲಿನಲ್ಲಿದ್ದವರು ಇಂಥ ಅಳಿಯ ಸಿಗಲು ಪುಣ್ಯ ಮಾಡಿರಬೇಕು ಎಂದಿದ್ದರು. ಹೆಗ್ಗನಹಳ್ಳಿಯ ಸೈಟು ಹೇಗೂ ಒಬ್ಬಳೇ ಮಗಳಿಗೆ ಬರುತ್ತದೆ, ಕವರಿನ ಚಿಲ್ಲರೆಗೆ ಕೈಯೊಡ್ಡಿ ಹೆಸರು ಯಾಕೆ ಕೆಡಿಸಿಕೊಳ್ಳಬೇಕು ಎಂದು ಅವನು ಯೋಚಿಸಿದ್ದು ಅವರಿಗೇನು ಗೊತ್ತು. ಆ ಯೋಚನೆ ಕೈಕೊಟ್ಟದ್ದು ಅವನ ತಪ್ಪಿನಿಂದಲ್ಲ, ಮುನಿರಾಮಯ್ಯನ ಕಿಡ್ನಿಗಳಿಂದ. ಸೈಟು ಆಸ್ಪತ್ರೆಗೆ ಹೋಯಿತು, ಹಿಂದೆಯೇ ಮುನಿರಾಮಯ್ಯ ಹೋದರು. ಸೈಟಿನ ಬದಲು ಹೇರೋಹಳ್ಳಿಯ ಅವನ ಬಾಡಿಗೆ ಮನೆಗೆ ಬಂದದ್ದು ನರಸಮ್ಮ, ಅವಳ ಮರದ ಮಣೆ, ಮತ್ತು ಊದುಬತ್ತಿಯ ಕರಿಹಿಟ್ಟಿನ ಡಬ್ಬ.

ಮದುವೆಯಾಗಿ ಬಂದ ವರ್ಷದಿಂದ ನರಸಮ್ಮ ಊದುಬತ್ತಿ ಹೊಸೆಯುತ್ತಿದ್ದಳು. ಈ ವಯಸ್ಸಿನಲ್ಲೂ ಬೆಳಗಿನ ಹೊತ್ತು ವರಾಂಡದಲ್ಲಿ ಕಾಲು ಚಾಚಿ ಕೂತು, ಕಡ್ಡಿಗೆ ಹಿಟ್ಟು ಮೆತ್ತಿ, ಮಣೆಯ ಮೇಲೆ ಅಂಗೈಯಿಂದ ಬೆರಳ ತುದಿಯವರೆಗೆ ಉಜ್ಜಿ ಎಸೆಯುವಳು. ಬರಿ ನೀರಿನಲ್ಲಿ ಎಷ್ಟು ತೊಳೆದರೂ ಅವಳ ಬೆರಳುಗಳಿಂದ ಕಪ್ಪು ಹೋಗುತ್ತಿರಲಿಲ್ಲ. ಮನೆಗೆ ಬಂದ ಗೆಳೆಯರಿಗೆ ಸಿದ್ಧಾರ್ಥ ಅವಳನ್ನು ಪರಿಚಯಿಸುತ್ತಿರಲಿಲ್ಲ.

ಅವಳ ಕೈಗೆ ಫೋನು ಕೊಟ್ಟವನು ಮಾತ್ರ ಅವನೇ. ಬಿಟ್‌ಕಾಯಿನ್ ಎಂದರೆ ಬಿಸ್ಕತ್ತಿನ ಹೆಸರೇ ಎಂದು ಜನ ಕೇಳುತ್ತಿದ್ದ ಕಾಲ ಅದು. ಈ ಡಿಜಿಟಲ್ ನಾಣ್ಯವನ್ನು ಪುಕ್ಕಟೆ ಹಂಚುವ ವೆಬ್‌ಸೈಟುಗಳಿದ್ದವು. ಅವಕ್ಕೆ ಫಾಸೆಟ್ ಎಂದು ಹೆಸರು, ಅಂದರೆ ನಲ್ಲಿ. ತಾನು ಯಂತ್ರವಲ್ಲ, ಮನುಷ್ಯ ಎಂದು ತೋರಿಸಲು ಒಂದು ಡೊಂಕು ಅಕ್ಷರಗಳ ಸಾಲನ್ನು ನೋಡಿ ಒತ್ತಿದರೆ, ಕಣ್ಣಿಗೆ ಕಾಣದಷ್ಟು ಸಣ್ಣ ನಾಣ್ಯದ ಚೂರು ಒಂದು ತೊಟ್ಟಿಕ್ಕುತ್ತಿತ್ತು. ಆ ಚೂರನ್ನು ಒಂದೊಂದಾಗಿ ಕಳಿಸಿದರೆ ಕಳಿಸುವ ಖರ್ಚೇ ಹೆಚ್ಚು. ಅದಕ್ಕೇ ನಲ್ಲಿಯ ಕೆಳಗೆ ಇಡುವ ಚೊಂಬಿನಂತೆ ಮೈಕ್ರೋವಾಲೆಟ್ ಎಂಬುದಿತ್ತು. ಹನಿಗಳೆಲ್ಲ ಅದರಲ್ಲಿ ಕೂಡಿ, ಒಂದು ಮಟ್ಟಕ್ಕೆ ಬಂದಮೇಲೆ ಸ್ವಂತದ ದೊಡ್ಡ ವಾಲೆಟ್ಟಿಗೆ ಸುರಿದುಕೊಳ್ಳಬಹುದು. ಸಿದ್ಧಾರ್ಥನಿಗೆ ಯೋಜನೆ ಹಿಡಿಸಿತು, ಒತ್ತುವ ಕೆಲಸ ಹಿಡಿಸಲಿಲ್ಲ. ಹಳೆಯ ಫೋನನ್ನು ಅತ್ತೆಯ ಮಣೆಯ ಪಕ್ಕ ಇಟ್ಟು, "ಈ ಅಕ್ಷರ ಹೆಂಗಿದೆಯೋ ಹಂಗೇ ನೋಡ್ಕೊಂಡು ಒತ್ತಿ, ಅಷ್ಟೇ" ಎಂದ. ಇಂಗ್ಲಿಷ್ ಬಾರದ ನರಸಮ್ಮ ರಂಗೋಲಿಗೆ ರಂಗೋಲಿ ಹೊಂದಿಸುವಂತೆ ಹೊಂದಿಸಿದಳು. ಒಂದು ಮಳೆಗಾಲ ಕಳೆದು ನೋಡಿದರೆ ಚೊಂಬಿನಲ್ಲಿ ಮಸಾಲೆ ದೋಸೆಗಾಗುವಷ್ಟೂ ಇರಲಿಲ್ಲ.

"ಬಿಡಿ ಅತ್ತೆ, ಇದು ಭಿಕ್ಷುಕರ ಕೆಲಸ" ಎಂದು ಅವನು ಟ್ರೇಡಿಂಗಿಗೆ ಹೋದ. ದೊಡ್ಡವರ ಆಟ. ಅದರಲ್ಲಿ ಅವನು ಕಳೆದುಕೊಂಡದ್ದನ್ನೂ ದೊಡ್ಡವರಂತೆಯೇ ಯಾರಿಗೂ ಹೇಳಲಿಲ್ಲ.

ನರಸಮ್ಮ ಬಿಟ್ಟಿರಲಿಲ್ಲ ಎಂದು ಸಿದ್ಧಾರ್ಥನಿಗೆ ತಿಳಿದದ್ದು ಈ ವರ್ಷ, ಅವನ ಮಗಳು ಧನ್ಯಶ್ರೀಯ ಪಿಯುಸಿ ಫಲಿತಾಂಶದ ದಿನ. ಅವಳು ಕುಣಿಯುತ್ತ ಬಂದು, "ಅಪ್ಪಾ, ಸೀಟಿಗೆ ಟೆನ್ಷನ್ ಬೇಡ. ಅಜ್ಜಿ ಕಟ್ತಾರಂತೆ" ಎಂದಳು.

"ಅಜ್ಜಿ ಏನ್ ಕಟ್ತಾರೆ? ಊದುಬತ್ತಿ ಕಟ್ಟಾ?"

"ನೀನೇ ಹೇಳ್ಕೊಟ್ಟಿದ್ಯಲ್ಲ ಆ ನಲ್ಲಿ ಆಟ. ಮೈಕ್ರೋವಾಲೆಟ್ ತುಂಬ್ದಾಗೆಲ್ಲ ಅಮ್ಮ ಕೂತ್ಕೊಂಡು ದೊಡ್ಡದಕ್ಕೆ ಹಾಕ್ಕೊಡ್ತಿದ್ರು. ಮೊದಮೊದಲು ಹನಿನೂ ದಪ್ಪ ಬೀಳ್ತಿತ್ತಂತೆ. ಇವತ್ತಿನ ರೇಟ್ ನೋಡಿದ್ಯಾ?"

ಅವನು ನೋಡಿದ. ಧನ್ಯಶ್ರೀಯ ಇಡೀ ಕೋರ್ಸಿಗೆ ಆಗಿ, ಹಾಸ್ಟೆಲಿಗೂ ಮಿಗುತ್ತಿತ್ತು.

"ಸುಮ್ನೆ ಕೂರಕ್ಕಾಗಲ್ಲ ನಂಗೆ" ಎಂದಳು ನರಸಮ್ಮ, ಕಡ್ಡಿ ಉಜ್ಜುತ್ತ. "ಎಲ್ಲಾ ಅಳಿಯಂದ್ರು ಹೇಳ್ಕೊಟ್ಟ ವಿದ್ಯೆ."

ಬೈದಿದ್ದರೆ ಸಹಿಸಬಹುದಿತ್ತು. ಈ ಹೊಗಳಿಕೆಯನ್ನು ಹೇಗೆ ಸಹಿಸುವುದು? ಮಾರ್ಕೆಟ್ಟಿನ ಗ್ರಾಫುಗಳನ್ನು ಅರೆದು ಕುಡಿದವನು ಬರಿಗೈಯಲ್ಲಿ ಕೂತಿದ್ದಾನೆ, ಎಬಿಸಿಡಿ ಬಾರದವಳು ಅವನ ಮಗಳ ಫೀಸು ಕಟ್ಟುತ್ತಾಳೆ. ವಿದ್ಯೆ ಯಾರದು? ಫೋನು ಯಾರದು? ನ್ಯಾಯವಾಗಿ ನೋಡಿದರೆ ಆ ವಾಲೆಟ್ಟು ಅವನದೇ. ಕೂಲಿಯವಳು ಗದ್ದೆಯನ್ನೇ ತನ್ನದೆಂದುಕೊಂಡರೆ ಹೇಗೆ?

ಬಸವೇಶ್ವರನಗರದಲ್ಲಿ ಗೆಳೆಯ ಮುರುಗೇಶ ಟ್ರೇಡಿಂಗ್ ಆಫೀಸು ಇಟ್ಟಿದ್ದ. "ಮಚ್ಚಾ, ಈ ಹೊಸ ಕಾಯಿನ್‌ಗೆ ಈಗ ಹಾಕು, ದೀಪಾವಳಿಗೆ ಮೂರು ಪಟ್ಟು. ಪಾರ್ಟ್ನರ್ ಅಂತ ಬೋರ್ಡಲ್ಲಿ ನಿನ್ನ ಹೆಸರು ಹಾಕಿಸ್ತೀನಿ ಕಣೋ" ಎಂದಿದ್ದ. ಮುರುಗೇಶ ಮೂರ್ಖನೆಂದು ಸಿದ್ಧಾರ್ಥನಿಗೆ ಗೊತ್ತಿತ್ತು. ಆದರೆ ಮೂರ್ಖರಿಗೂ ಒಮ್ಮೊಮ್ಮೆ ಸುಳಿವು ಸಿಗುತ್ತದೆ. ದೀಪಾವಳಿಗೆ ಮೂರು ಪಟ್ಟಾದಮೇಲೆ ಫೀಸನ್ನು ಅವನೇ ಕಟ್ಟುವನು. ಕದ್ದದ್ದೆಂದು ಅದನ್ನು ಯಾರು ಕರೆಯುತ್ತಾರೆ? ಸೀಟಿಗೆ ಹಣ ಕಟ್ಟಬೇಕಾದದ್ದು ಮುಂದಿನ ವಾರ ಎಂಬುದು ನಿಜ. ಒಂದು ವರ್ಷ ತಡವಾದರೆ ಹುಡುಗಿಗೇನೂ ಕೊಂಬು ಮುರಿಯುವುದಿಲ್ಲ.

ಅವನು ಯೋಜನೆ ಹಾಕಿದ. ಹಾಕುತ್ತ ಹೋದಂತೆ ತನ್ನ ಬುದ್ಧಿಗೆ ಇಷ್ಟು ದಿನ ಸರಿಯಾದ ಕೆಲಸವೇ ಸಿಕ್ಕಿರಲಿಲ್ಲ ಎನ್ನಿಸಿತು.

ಫೋನಿಗೆ ಬೀಗವಿರಲಿಲ್ಲ, ಪರದೆ ಸವರಿದರೆ ತೆರೆಯುತ್ತಿತ್ತು. ವಾಲೆಟ್ಟಿಗೆ ಮಾತ್ರ ಬೆರಳ ಗುರುತು ಬೇಕು. ಫಲಿತಾಂಶದ ದಿನ ಅಜ್ಜಿ, ಮಗಳು, ಮೊಮ್ಮಗಳು ತಲೆಗೆ ತಲೆ ತಾಗಿಸಿ ಫೋನಿನ ಮೇಲೆ ಬಾಗಿದ್ದಾಗ ಪರದೆಯ ಮೇಲೆ ಹೆಬ್ಬೆರಳಿನ ಚಿತ್ರ ಮಿನುಗಿದ್ದನ್ನು ಅವನು ಕಂಡಿದ್ದ, ಕಂಡು ಮುಖ ತಿರುಗಿಸಿದ್ದ. ಮಧ್ಯಾಹ್ನ ಮುದ್ದೆ ಉಂಡು ಮಲಗಿದರೆ ನರಸಮ್ಮನಿಗೆ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆದರೂ ಎಚ್ಚರವಾಗುವುದಿಲ್ಲ. ಆ ಹೊತ್ತಿಗೆ ಹೆಂಡತಿ ಚೇತನಾ ನಾಗರಭಾವಿಯ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಿರುತ್ತಾಳೆ, ಧನ್ಯಶ್ರೀ ಗೆಳತಿಯ ಮನೆಯಲ್ಲಿರುತ್ತಾಳೆ. ಸುಂಕದಕಟ್ಟೆಯ ರಿಯಲ್ ಎಸ್ಟೇಟ್ ಆಫೀಸಿನಿಂದ ಅವನು ದಿನವೂ ಊಟಕ್ಕೆ ಮನೆಗೆ ಬರುವವನೇ.

ಉಳಿದದ್ದು ಅಪವಾದ. ಅದನ್ನು ಹೊರಲು ದೇಶದ ತುಂಬ ಜನರಿದ್ದರು. ಕೆವೈಸಿ ಎಂದು ಫೋನು ಮಾಡಿ ಮುದುಕಿಯರನ್ನು ದೋಚುವವರ ಸುದ್ದಿ ಬಾರದ ದಿನವಿಲ್ಲ. ಬೇರೆಯವರ ಹೆಸರಿನ ಒಂದು ಸಿಮ್ಮಿನಿಂದ ಅಂಥದೊಂದು ಕರೆ, ನರಸಮ್ಮನ ಫೋನಿನಲ್ಲಿ ಅದರ ಗುರುತು. ಸಾಕು. ಯಾರಾದರೂ ಯಾಕೆ ಸಂದೇಹಪಡುತ್ತಾರೆ? ರೇಷನ್ ತರಲೂ ಒಬ್ಬಳೇ ಹೋಗಲಾರದ ಹೆಂಗಸು ಅವಳು. ಒಮ್ಮೆ ಧೈರ್ಯ ಮಾಡಿ ಹೋಗಿದ್ದಾಗ ಡಿಪೋದ ಸಿದ್ದಬಸಪ್ಪ ಸಾಲಿನ ಎದುರೇ, "ಮಗಳನ್ನ ಕರ್ಕೊಂಡು ಬಾ ಅಂತ ಎಷ್ಟು ಸಲ ಹೇಳಬೇಕಬೇ ಅಜ್ಜಿ" ಎಂದು ವಾಪಸು ಕಳಿಸಿದ್ದ. ಅಂದಿನಿಂದ ತಿಂಗಳು ತಿಂಗಳೂ ಚೇತನಾ ರಜೆ ಕೇಳಿ ತಾಯಿಯ ಜೊತೆ ನಿಲ್ಲುತ್ತಿದ್ದಳು. ಅಕ್ಕಿಗೂ ಕಾವಲು ಬೇಕಾದ ಅತ್ತೆಯ ಈ ಕತೆಯನ್ನು ಸಿದ್ಧಾರ್ಥ ಆಫೀಸಿನಲ್ಲಿ ಹೇಳಿ ನಗಿಸಿದ್ದ.

ಅವನಿಗೆ ಎಲ್ಲಕ್ಕಿಂತ ಹೆಮ್ಮೆಯೆನಿಸಿದ್ದು ಕೊನೆಯ ಹೆಜ್ಜೆ. ಸಾಮಾನ್ಯ ಕಳ್ಳ ಕದ್ದಮೇಲೆ ಸುಳ್ಳು ಹೇಳುತ್ತಾನೆ. ಸಿದ್ಧಾರ್ಥ ಮೊದಲೇ ಹೇಳುವನು. ಆಫೀಸಿನಲ್ಲಿ ನಾಲ್ಕು ಜನರ ಎದುರು ಗಾಬರಿಯಾಗಿ, ವಾಲೆಟ್ಟು ಖಾಲಿಯಾಯಿತೆಂದು ಹೆಂಡತಿಗೆ ಸಂದೇಶ ಕಳಿಸಿ, ಅನಂತರ ಮನೆಗೆ ಹೋಗಿ ಖಾಲಿ ಮಾಡುವನು. ಬಿಟ್‌ಕಾಯಿನ್ ಕಳಿಸಿದ್ದು ಎಲ್ಲರಿಗೂ ಕಾಣುವ ಅದರ ಬಹಿರಂಗ ಲೆಕ್ಕದ ಪುಸ್ತಕದಲ್ಲಿ ಏರಲು ಹೇಗೂ ತಡವಾಗುತ್ತದೆ, ಒಮ್ಮೊಮ್ಮೆ ಅರ್ಧ ಗಂಟೆ. ಅಲ್ಲಿ ಬೀಳುವ ಸಮಯ ನೋಡಿ ಯಾರು ಏನು ಹೇಳಿಯಾರು? ದೂರು ಕೊಟ್ಟವನು ಕಳ್ಳತನಕ್ಕೆ ಮೊದಲೇ ಕೊಟ್ಟಿರಬಹುದೆಂದು ಯಾವ ಸ್ಟೇಷನ್ನಿನ ಯಾವ ಪೇದೆಗೆ ಹೊಳೆದೀತು?

ಮಂಗಳವಾರ ಊಟದ ಹೊತ್ತಿಗೆ ಮುಂಚೆ, ಆಫೀಸಿನ ಹಿಂದಿನ ಗಲ್ಲಿಯಲ್ಲಿ ನಿಂತು, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಅವನು ಫೋನು ಮಾಡಿದ.

"ಮೇಡಂ, ವಾಲೆಟ್ ಕಂಪನಿ ಸೆ ಬೋಲ್ ರಹಾ ಹ್ಞೂ. ಕೆವೈಸಿ ಅಪ್‌ಡೇಟ್ ಮಾಡ್ಬೇಕು."

"ಯಾರಪ್ಪಾ ನೀನು? ಊಟ ಆಯ್ತಾ?" ಎಂದಳು ನರಸಮ್ಮ.

"ಮೇಡಂ, ವಾಲೆಟ್ ಓಪನ್ ಮಾಡಿ. ಇಲ್ಲಾಂದ್ರೆ ಬ್ಲಾಕ್ ಆಗುತ್ತೆ."

"ಮಗಳಿಲ್ದೆ ನನ್ ಕೈಲಿ ಅದೆಲ್ಲ ಆಗಲ್ಲ ಕಣಪ್ಪಾ. ಸಂಜೆ ಅವಳು ಬಂದ್ಮೇಲೆ ಮಾಡು. ನಿಂದೂ ಹೊಟ್ಟೆಪಾಡು."

ಅವನಿಗೆ ನಗು ತಡೆಯಲಾಗಲಿಲ್ಲ. ಕಳ್ಳನ ಊಟ ವಿಚಾರಿಸುವವಳು. ಕರೆ ಸಾಕಷ್ಟು ಉದ್ದವಾಗಲೆಂದು ಇನ್ನಷ್ಟು ಮಾತಾಡಿಸಿ ಇಟ್ಟ. ಸಿಮ್ಮನ್ನು ಮುರಿದು ಮೋರಿಗೆ ಹಾಕಿದ. ಒಳಗೆ ಬಂದು, ಪಕ್ಕದ ಮೇಜಿನ ಆನಂದ್ ತಲೆಯೆತ್ತುವಷ್ಟು ಜೋರಾಗಿ "ಅಯ್ಯೋ ದೇವರೇ" ಎಂದು ಚೇತನಾಳಿಗೆ ಸಂದೇಶ ಕಳಿಸಿದ. 'ನಿಮ್ಮಮ್ಮಂಗೆ ಯಾವನೋ ಕೆವೈಸಿ ಅಂತ ಫೋನ್ ಮಾಡಿದ್ನಂತೆ. ಏನೋ ಒತ್ತಿಬಿಟ್ಟಿದಾರೆ. ವಾಲೆಟ್ ಪೂರ್ತಿ ಖಾಲಿ ತೋರಿಸ್ತಿದೆ ಅಂತ ಈಗ ಫೋನ್ ಮಾಡಿ ಅಳ್ತಿದ್ರು. ಮನೆಗೆ ಹೋಗ್ತಾ ಇದೀನಿ.'

ಅವಳು ಓದಿದಳೆಂದು ನೀಲಿ ಗೆರೆಗಳು ಮೂಡಿದವು. ಉತ್ತರ ಬರಲಿಲ್ಲ. ಆಘಾತ, ಪಾಪ.

ತಾನು ಅಳಲೇ ಇಲ್ಲವೆಂದು ನರಸಮ್ಮ ಆಮೇಲೆ ಹೇಳಬಹುದು. ಹೇಳಲಿ. ಅಳಿಯನ ಮಾತಿನ ಮುಂದೆ ಅವಳ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತಿ ಹಿಡಿದದ್ದಿಲ್ಲ. ಎರಡು ಸಲ ಗದರಿದರೆ, ಅತ್ತಿದ್ನೋ ಏನೋ ಅಂತ ಅವಳೇ ಒಪ್ಪಿಕೊಳ್ಳುವಳು.

ಮನೆಯಲ್ಲಿ ಅವಳು ಚಾಪೆಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಫೋನು ದಿಂಬಿನ ಪಕ್ಕದಲ್ಲಿತ್ತು. ವಾಲೆಟ್ಟು ತೆರೆದ, ಹೆಬ್ಬೆರಳಿನ ಚಿತ್ರ ಮಿನುಗಿತು. ಹಕ್ಕಿಯ ಕಾಲನ್ನು ಹಿಡಿಯುವಂತೆ ಮೆಲ್ಲಗೆ ಅವಳ ಬಲ ಹೆಬ್ಬೆರಳನ್ನು ಎತ್ತಿ ಒತ್ತಿದ. ಫೋನು ಗುರುಗುಟ್ಟಿ, ಹೊಂದಲಿಲ್ಲ ಎಂದಿತು. ಕರಿಹಿಟ್ಟು ಅಡ್ಡ ಬಂದಿರಬೇಕು. ಮೂಢರ ಕೈಯ ಕೊಳಕು ಬುದ್ಧಿವಂತರ ದಾರಿಗೆ ಅಡ್ಡ ಬರುವುದು ಹೊಸತೇನಲ್ಲ. ಬಚ್ಚಲಿಗೆ ಹೋಗಿ ಒದ್ದೆ ಟವೆಲ್ಲು, ಸೋಪು ತಂದ. ಮಗುವಿನ ಕೈ ತೊಳೆಸುವಷ್ಟು ಸಹನೆಯಿಂದ ಅತ್ತೆಯ ಹೆಬ್ಬೆರಳನ್ನು ಉಜ್ಜಿದ. ಒತ್ತಿದ. ಹೊಂದಲಿಲ್ಲ. ಎಡಗೈಯದನ್ನು ಉಜ್ಜಿದ, ಒತ್ತಿದ, ಓರೆಯಾಗಿಟ್ಟ, ನೇರವಾಗಿಟ್ಟ. ತುಂಬ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ ಎಂದು ಫೋನು ಮುಖ ಮುಚ್ಚಿಕೊಂಡಿತು. ಅಷ್ಟರಲ್ಲಿ ಹೊರಗೆ ಆಟೋ ನಿಂತಿತು.

ಚೇತನಾ ಚಪ್ಪಲಿ ಬಿಡದೆ ಒಳಗೆ ಬಂದಳು.

"ಖಾಲಿ ಆಗಿದೆ ಅಂತ ಅಮ್ಮನೇ ಹೇಳಿದ್ಲಾ?"

"ಹೂಂ. ಅಳ್ತಿದ್ರು. ಆಮೇಲೆ ಸುಸ್ತಾಗಿ ಮಲಗಿದಾರೆ, ಪಾಪ."

"ಖಾಲಿ ಆಗಿರೋದನ್ನ ಕಣ್ಣಾರೆ ನೋಡಿದ್ಲಂತಾ? ವಾಲೆಟ್ ಓಪನ್ ಮಾಡಿ?"

"ಮತ್ತೆ ಇನ್ನೆಂಗೆ ಗೊತ್ತಾಗುತ್ತೆ ಕಣೇ? ಓಪನ್ ಮಾಡೇ ನೋಡಿದಾರೆ. ನಾನೂ ಬಂದು ನೋಡ್ದೆ. ಒಂದು ಪೈಸಾ ಇಲ್ಲ."

ಸದ್ದಿಗೆ ನರಸಮ್ಮ ಎದ್ದು ಕೂತಳು. ಒದ್ದೆಯಾದ ತನ್ನ ಕೈಗಳನ್ನು ನೋಡಿಕೊಂಡಳು. ಎಂಟು ಬೆರಳು ಎಂದಿನಂತೆ ಕಪ್ಪಗಿದ್ದವು, ಎರಡು ಹೆಬ್ಬೆರಳು ಮಾತ್ರ ಮದುಮಗಳ ಬೆರಳುಗಳಂತೆ ಬೆಳ್ಳಗಿದ್ದವು. ಚೇತನಾ ಅದನ್ನೂ ನೋಡಿದಳು, ಗಂಡನ ಹೆಗಲ ಮೇಲಿದ್ದ ಟವೆಲ್ಲನ್ನೂ ನೋಡಿದಳು. ಫೋನು ಎತ್ತಿಕೊಂಡಳು.

ಊದುಬತ್ತಿ ಹೊಸೆದು ಹೊಸೆದು ನರಸಮ್ಮನ ಬೆರಳುಗಳ ಗೆರೆಗಳು ಯಾವತ್ತೋ ಅಳಿಸಿಹೋಗಿದ್ದವು. ಡಿಪೋದ ಯಂತ್ರಕ್ಕೆ ಅವಳ ಹೆಬ್ಬೆಟ್ಟು ಹತ್ತುತ್ತಿರಲಿಲ್ಲ. ಅಕ್ಕಿಗೆ ಮಗಳು ಜೊತೆ ಹೋಗುತ್ತಿದ್ದದ್ದು ಅದಕ್ಕೆ, ಮಗಳಿಲ್ಲದೆ ಆಗುವುದಿಲ್ಲವೆಂದು ಅವಳು ಕೆವೈಸಿಯವನಿಗೆ ಹೇಳಿದ್ದೂ ಅದಕ್ಕೆ. ಚೇತನಾ ತನ್ನ ಹೆಬ್ಬೆರಳನ್ನು ಪರದೆಯ ಮೇಲಿಟ್ಟಳು. ವಾಲೆಟ್ಟು ತೆರೆದುಕೊಂಡಿತು. ಹನಿ ಹನಿಯಾಗಿ ಬಿದ್ದದ್ದೆಲ್ಲ ಬಿದ್ದ ಹಾಗೇ ಇತ್ತು. ಅವಳು ಅದನ್ನು ಸಿದ್ಧಾರ್ಥನ ಮುಖದ ಮುಂದೆ ಹಿಡಿದಳು, ಇನ್ನೊಂದು ಕೈಯಲ್ಲಿ ಅವನು ಕಳಿಸಿದ್ದ ಸಂದೇಶವನ್ನು ಹಿಡಿದಳು. ಅತ್ತೆ ಮನೆಯ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲವೆಂದು ಅವನು ಕೊಟ್ಟಿದ್ದ ಮಾತು ಉಳಿಯಿತು.